ತೊಟ್ಟಿಲಿಗಿಟ್ಟ ದೃಷ್ಟಿಬೊಟ್ಟು

ಪ್ರಯೋಗಾಲಯದ ಇಲಿಗೆ ದೃಷ್ಟಿ ತಾಗೀತೆಂದು ಹೆದರುವ ವಿಜ್ಞಾನಿಯನ್ನು ನೀವು ನೋಡಿರಲಿಕ್ಕಿಲ್ಲ. ನಾನು ಅಂಥ ಒಬ್ಬರ ಜೊತೆ ಅನೇಕ ವರ್ಷ ಕೆಲಸ ಮಾಡಿದ್ದೇನೆ. ಹೋದ ತಿಂಗಳು ಅವರು ನಿವೃತ್ತರಾದರು. ಅಂದಿನಿಂದ ನಮ್ಮ ಕಾರಿಡಾರಿನಲ್ಲಿ ಫ್ರಿಜ್‌ಗಳು ಗುಂಯ್‌ಗುಡುವುದು ಸ್ಪಷ್ಟವಾಗಿ ಕೇಳಿಸುತ್ತಿದೆ. ಅವು ಸದ್ದು ಮಾಡುತ್ತವೆ ಎಂಬುದೇ ಇಷ್ಟು ವರ್ಷ ನಮಗೆ ಗೊತ್ತಿರಲಿಲ್ಲ, ಮೇಡಂ ಮಾತಾಡುತ್ತಿದ್ದರಲ್ಲ.

ಅವರ ಹೆಸರು ಬರೆಯುವುದಿಲ್ಲ. ನಿಮ್ಮ ಬಗ್ಗೆ ಬರೆಯುತ್ತೇನೆ ಎಂದಾಗ "ಎಸ್ರು ಆಕ್ದೆ ಅಂದ್ರೆ ನಿಮ್ಮನೇಗೇ ಬಂದು ಬೈತೀನಿ" ಎಂದಿದ್ದಾರೆ. ಬಂದರೆ ನನಗೇನೋ ಸಂತೋಷವೇ. ಆದರೆ ನಮ್ಮ ಬಾಗಲಗುಂಟೆಯ ಬೀದಿ ಅಷ್ಟು ದೊಡ್ಡ ದನಿಗೆ ಇನ್ನೂ ತಯಾರಾಗಿಲ್ಲ.

ಯಲಹಂಕ ದಾಟಿ ರಾಜಾನುಕುಂಟೆಯ ಕಡೆ ಹೋಗುವ ದಾರಿಯಲ್ಲಿ ನಮ್ಮ ಪ್ರಯೋಗಾಲಯ. ದಾಸರಹಳ್ಳಿಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲದಲ್ಲಿ, ದಿನಾ ಒಂದಿಷ್ಟು ಧೂಳು ನುಂಗಿಕೊಂಡು ಬೈಕಿನಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ನನ್ನ ಕೆಲಸ ಎಂಆರ್‌ಐ ಯಂತ್ರ ನಡೆಸುವುದು. ಮನುಷ್ಯರಿಗಲ್ಲ, ಇಲಿಗಳಿಗೆ. ಇದನ್ನು ಹೇಳಿದಾಗ ಹೆಣ್ಣು ನೋಡಲು ಹೋದ ಎರಡು ಮನೆಗಳಲ್ಲಿ ಮಾತುಕತೆ ಅಲ್ಲಿಗೇ ಮುರಿದಿತ್ತು. ಮೂರನೆಯ ಮನೆಗೆ ಹೊರಟಾಗ ಮೇಡಂ "ಆಸ್ಪತ್ರೆ ಮಿಷನ್ನು ಅನ್ನು ಸಾಕು, ಮಿಕ್ಕಿದ್ದು ಆಮೇಲೆ" ಎಂದು ಕಲಿಸಿಕೊಟ್ಟರು. ಮದುವೆಯಾಯಿತು. ಆಮೇಲೆ ಹೇಳಿದೆ. ನನ್ನ ಹೆಂಡತಿ ಮೇಡಂ ಅವರನ್ನು ಇನ್ನೂ ಪೂರ್ತಿಯಾಗಿ ಕ್ಷಮಿಸಿಲ್ಲ.

ಮೇಡಂ ಸಿಂಗಾಪುರದವರು. ವಿಮಾನ ಹತ್ತಬೇಕಾದ ಸಿಂಗಾಪುರವಲ್ಲ, ವಿದ್ಯಾರಣ್ಯಪುರದ ಪಕ್ಕದ್ದು. ಅದು ಹಳ್ಳಿಯಾಗಿದ್ದಾಗ ಹುಟ್ಟಿ, ಲೇಔಟ್ ಆದ ಮೇಲೂ ಅದೇ ಮನೆಯಲ್ಲೇ ಇದ್ದವರು. ದೊಡ್ಡ ಸಭೆಗಳಲ್ಲಿ ಅವರ ಇಂಗ್ಲಿಷ್ ಕೇಳಬೇಕು, ಇಸ್ತ್ರಿ ಹಾಕಿದಂತಿರುತ್ತಿತ್ತು. ಸಭೆ ಮುಗಿದು ಬಾಗಿಲು ದಾಟಿದರೋ ಇಲ್ಲವೋ, "ಏನಯ್ಯ ಇಂಗೆ ಕೂತಿದೀಯ, ಊಟ ಆಯ್ತಾ?" ಸೀರೆಯ ಮೇಲೆ ಬಿಳಿ ಕೋಟು, ಜಡೆಯಲ್ಲಿ ಕನಕಾಂಬರ. ಮದುವೆ ಯಾಕಾಗಲಿಲ್ಲ ಎಂದು ಕೇಳುವ ಧೈರ್ಯವಂತರಿಗೆ ಪ್ರತಿಸಲವೂ ಬೇರೆ ಬೇರೆ ಉತ್ತರ ಸಿಗುತ್ತಿತ್ತು. ನನಗೆ ಸಿಕ್ಕಿದ ಉತ್ತರ, ಗಂಡಿನ ಕಡೆಯವರು ಬಂದ ದಿನವೇ ಪ್ರಯೋಗಾಲಯದ ಸೆಂಟ್ರಿಫ್ಯೂಜ್ ಯಂತ್ರ ಕೆಟ್ಟಿತ್ತು ಎಂಬುದು.

ಅವರನ್ನು ಸಾಕಿದ್ದು ಅತ್ತಿಗೆ, ಅಂದರೆ ಅಣ್ಣನ ಹೆಂಡತಿ. ತಾಯಿ ಬೇಗ ತೀರಿಹೋಗಿದ್ದರಿಂದ, ಆಗಷ್ಟೇ ಮದುವೆಯಾಗಿ ಬಂದಿದ್ದ ಈ ಹೆಣ್ಣುಮಗಳ ಸೊಂಟಕ್ಕೆ ನಾದಿನಿ ಬಂದು ಕೂತಳು. ಶಾಲೆಗೆ ಹೋಗದ ಅತ್ತಿಗೆ ಇವರನ್ನು ಕೈಹಿಡಿದು ಶಾಲೆಗೆ ಎಳೆದುಕೊಂಡು ಹೋದರು. "ನಾನು ಅರ್ಧ ದಾರೀಲಿ ಓಡಿ ಬಂದ್ಬುಡ್ತಿದ್ದೆ. ಅವಳು ಅಲ್ಲಿಂದ್ಲೇ ದರದರ ಅಂತ ವಾಪಸ್ ಎಳ್ಕೊಂಡ್ ಓಗೋಳು. ನನ್ ಡಾಕ್ಟರೇಟು ಅವಳ್ ರಟ್ಟೆ ಬಲ ಕಣಯ್ಯ" ಎನ್ನುತ್ತಿದ್ದರು.

ಆ ಅತ್ತಿಗೆಗೆ ಬೆನ್ನುನೋವು ಶುರುವಾಯಿತು. ವಯಸ್ಸು ಎಂದರು, ಎಣ್ಣೆ ತಿಕ್ಕಿದರು. ಕೊನೆಗೆ ವೈದ್ಯರು ಸೊಂಟದ ಮೂಳೆಗೆ ದಪ್ಪ ಸೂಜಿ ಇಳಿಸಿ ಒಳಗಿನ ಮಜ್ಜೆ ತೆಗೆದು ನೋಡಿದರು. ಏನೂ ಇಲ್ಲ ಎಂದು ಬಂತು. ಮನೆಯಲ್ಲಿ ಪಾಯಸ ಮಾಡಿದರು. ನೋವು ಮಾತ್ರ ಹೋಗಲಿಲ್ಲ. ಸ್ವಲ್ಪ ದಿನ ಬಿಟ್ಟು ಇನ್ನೊಂದು ಬದಿಗೆ ಸೂಜಿ ಇಳಿಸಿದಾಗ ಸಿಕ್ಕಿತು. ಮೂಳೆಗಳ ಒಳಗೆ ಅಲ್ಲಲ್ಲಿ ಗುಂಪು ಕಟ್ಟಿಕೊಂಡು ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್. ಔಷಧಿ ಹಿಡಿಯಿತು, ಅತ್ತಿಗೆ ಎದ್ದು ಓಡಾಡಿದರು. ಆದರೆ ಕಾಯಿಲೆ ಎಲ್ಲಿದೆ, ಎಷ್ಟಿದೆ ಎಂದು ತಿಳಿಯಲು ಆಗಾಗ ಆ ಸೂಜಿ ತಪ್ಪಲಿಲ್ಲ.

"ಬೋರ್ ಕೊರ್ದಂಗೆ ಕಣವ್ವ" ಎಂದಿದ್ದರಂತೆ ಅತ್ತಿಗೆ. "ಒಂದ್ ಕಡೆ ನೀರ್ ಸಿಗ್ನಿಲ್ಲ ಅಂತ ಇನ್ನೊಂದ್ ಕಡೆ ಕೊರೀತಾರೆ. ನೀನು ಅಷ್ಟೊಂದ್ ಓದಿದೀಯಲ್ಲ, ಎಲ್ಲೈತೆ ಅಂತ ಮೇಲಿಂದ್ಲೇ ನೋಡಕ್ಕಾಗಕಿಲ್ವಾ?"

ಮೇಡಂ ಅದುವರೆಗೆ ಕಬ್ಬಿಣದ ಅತಿಸಣ್ಣ ಕಣಗಳ ಮೇಲೆ ಕೆಲಸ ಮಾಡುತ್ತಿದ್ದರು. ನ್ಯಾನೊ ಕಣಗಳು, ಮಾಮೂಲಿ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣವು. ಅವು ಇದ್ದ ಕಡೆ ಎಂಆರ್‌ಐ ಚಿತ್ರ ಕಪ್ಪಾಗುತ್ತದೆ. ಕಣದ ಮೈಗೆ ಕ್ಯಾನ್ಸರ್ ಕೋಶವನ್ನು ಮಾತ್ರ ಗುರುತು ಹಿಡಿದು ಅಂಟಿಕೊಳ್ಳುವ ಪ್ರತಿಕಾಯವೊಂದನ್ನು ಹೊಲಿದು ರಕ್ತಕ್ಕೆ ಬಿಟ್ಟರೆ, ಅದು ಮಜ್ಜೆಯೊಳಗೆ ಹೋಗಿ ಕಾಯಿಲೆ ಇದ್ದ ಕಡೆಯೇ ಕೂರಬೇಕು, ಚಿತ್ರದಲ್ಲಿ ಅಷ್ಟು ಜಾಗ ಕಪ್ಪಗೆ ಕಾಣಬೇಕು. ಅತ್ತಿಗೆಯ ಪ್ರಶ್ನೆಗೆ ಉತ್ತರ ಅದೇ. ಅಂದಿನಿಂದ ಮೇಡಂಗೆ ಬೇರೆ ಧ್ಯಾನವಿರಲಿಲ್ಲ. ಮೊದಲು ಇಲಿಯಲ್ಲಿ ತೋರಿಸಬೇಕಿತ್ತು. ಅದಕ್ಕೇ ನಾನು ಅವರ ಪಾಲಿಗೆ ಬಂದದ್ದು.

ಮೇಡಂ ಜೊತೆ ಕೆಲಸ ಮಾಡುವುದೆಂದರೆ ಎರಡು ಕಟ್ಟಳೆ. ಮೊದಲನೆಯದು, ಕಬ್ಬಿಣ. ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ವಿಚಾರಿಸುತ್ತಿದ್ದರು. ಪಿನ್ನು, ಬೀಗದಕೈ, ಬೆಲ್ಟಿನ ಬಕಲ್ಲು, ಒಂದೂ ಒಳಗೆ ಹೋಗುವಂತಿಲ್ಲ. ದೆಹಲಿಯಿಂದ ಬಂದಿದ್ದ ದೊಡ್ಡ ಅಧಿಕಾರಿಯೊಬ್ಬರು ಬೆಲ್ಟು ಬಿಚ್ಚಿ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಯಂತ್ರ ನೋಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡನೆಯದು, ನೀರು. ಒಳ್ಳೆಯ ಚಿತ್ರ ಬಂದು ನಾವೆಲ್ಲ ಹಿಗ್ಗಿದ ತಕ್ಷಣ ಮೇಡಂ ಕೇಳುತ್ತಿದ್ದರು, "ಕುಸಿ ಆಯ್ತಾ? ಈಗ ನೀರಿಡು." ಅಂದರೆ ಇಲಿ ತೆಗೆದು ಅದೇ ಜಾಗದಲ್ಲಿ ನೀರು ತುಂಬಿದ ಪುಟ್ಟ ಕೊಳವೆ ಇಟ್ಟು ಇನ್ನೊಂದು ಚಿತ್ರ ತೆಗೆಯಬೇಕು. ನೀರಿನಲ್ಲೂ ಅದೇ ಗುರುತು ಬಂದರೆ ಹಿಗ್ಗಿದ್ದು ದಂಡ. ಈ ಮಾತನ್ನು ಅವರು ಎಲ್ಲದಕ್ಕೂ ಬಳಸುತ್ತಿದ್ದರು. ನಾನು ಬಾಗಲಗುಂಟೆಯಲ್ಲಿ ಸೈಟು ನೋಡಿ ಬಂದು ಕುಣಿಯುತ್ತಿದ್ದಾಗಲೂ "ಕುಸಿ ಆಯ್ತಾ? ಈಗ ನೀರಿಡು" ಎಂದು ವಕೀಲರ ಹತ್ತಿರ ಕಳಿಸಿದ್ದರು.

ಇಷ್ಟು ಕಟ್ಟುನಿಟ್ಟಿನ ಹೆಂಗಸು, ಹೊಸದಾಗಿ ಏನು ಬಂದರೂ ದೃಷ್ಟಿಬೊಟ್ಟು ಇಡುತ್ತಿದ್ದರು. ಹೊಸ ಫ್ರಿಜ್ಜಿನ ಹಿಂಭಾಗಕ್ಕೆ, ಹೊಸ ತಕ್ಕಡಿಯ ಕಾಲಿಗೆ, ಯಾರಿಗೂ ಕಾಣದಂತೆ ಒಂದೊಂದು ಕಪ್ಪು ಚುಕ್ಕೆ. ಅತ್ತಿಗೆ ಹರಳೆಣ್ಣೆ ದೀಪದ ಮಸಿಯಿಂದ ಮನೆಯಲ್ಲೇ ಮಾಡಿಕೊಟ್ಟ ಕಾಡಿಗೆಯ ಪುಟ್ಟ ಭರಣಿ ಅವರ ಬ್ಯಾಗಿನಲ್ಲಿ ಸದಾ ಇರುತ್ತಿತ್ತು. "ಇದೇನ್ ಮೇಡಂ, ನೀವೂ ಇದನ್ನೆಲ್ಲ ನಂಬ್ತೀರಾ?" ಎಂದು ನಾನು ಕೆಣಕಿದರೆ, "ನಾನ್ ನಂಬಲ್ಲ. ನಮ್ಮತ್ಗೆ ನಂಬ್ತಾಳೆ. ನಾನು ನಮ್ಮತ್ಗೇನ ನಂಬ್ತೀನಿ" ಎನ್ನುತ್ತಿದ್ದರು.

ಯೋಜನೆಯ ಅವಧಿ ಮುಗಿಯುತ್ತ ಬಂದಿತ್ತು. ಪರಿಶೀಲನಾ ಸಮಿತಿ ಸೋಮವಾರ ಬರುವುದಿತ್ತು. ಕಣಗಳು ಕಾಯಿಲೆಯನ್ನು ಹುಡುಕುತ್ತವೆ ಎಂದು ತೋರಿಸದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದೇ ವಾರ ಇಲಿಯನ್ನು ಮಲಗಿಸುವ ಹೊಸ ಪ್ಲಾಸ್ಟಿಕ್ ದೋಣಿ ಬಂತು. ಅದನ್ನು ನಾವು ತೊಟ್ಟಿಲು ಎನ್ನುತ್ತಿದ್ದೆವು. ತೊಟ್ಟಿಲು ಎಂದ ಮೇಲೆ ಮೇಡಂ ಸುಮ್ಮನಿರುತ್ತಾರೆಯೇ? ತಳಕ್ಕೆ ಒಂದು ಬೊಟ್ಟು ಬಿತ್ತು. ಶುಕ್ರವಾರ, ಅದೇ ಕ್ಯಾನ್ಸರ್ ಬರಿಸಿದ್ದ ಇಲಿಗೆ ಬಾಲದ ರಕ್ತನಾಳದಿಂದ ಕಣಗಳನ್ನು ಕೊಟ್ಟು, ನಿದ್ರೆ ಬರಿಸಿ, ಹೊಸ ತೊಟ್ಟಿಲಿನಲ್ಲಿ ಮಲಗಿಸಿ ಚಿತ್ರ ತೆಗೆದೆ. ಹಳೆಯ ತೊಟ್ಟಿಲಿನಲ್ಲಿ ಮೊದಲೇ ತೆಗೆದಿದ್ದ ಚಿತ್ರದಲ್ಲಿ ಸೊಂಟದ ಭಾಗ ಬೆಳ್ಳಗಿತ್ತು. ಈಗ ಅಲ್ಲೇ, ಮೂಳೆಯ ಪಕ್ಕದಲ್ಲೇ, ದ್ರಾಕ್ಷಿಯಂಥ ಕಪ್ಪು!

ನಾನು ಕಿರುಚಿದೆ. ಕಾರಿಡಾರಿನವರೆಲ್ಲ ಬಂದರು. ಯಾರೋ ಯಲಹಂಕಕ್ಕೆ ಓಡಿ ಮೈಸೂರುಪಾಕು ತಂದರು. ಮೇಡಂ ಸಮಿತಿಯವರಿಗೆ ಚಿತ್ರ ಕಳಿಸಿಯೇಬಿಟ್ಟರು, ಅತ್ತಿಗೆಗೆ ಫೋನ್ ಮಾಡಿ "ಸಿಕ್ತು ಕಣೇ!" ಎಂದು ಕೂಗಿದರು. ಆ ಕಡೆಯಿಂದ ಅತ್ತಿಗೆ ಅತ್ತದ್ದು ನಮಗೂ ಕೇಳಿಸಿತು. ಆಮೇಲೆ ಮೈಸೂರುಪಾಕನ್ನು ಬಾಯಿಗೆ ಇಡುವ ಹೊತ್ತಿಗೆ ಮೇಡಂ ಕೈ ಅಲ್ಲೇ ನಿಂತಿತು.

"ನೀರಿಟ್ಯೇನೋ?"

"ಮೇಡಂ, ಇವತ್ತೊಂದಿನ ಬಿಡಿ ಮೇಡಂ. ತಿಂದ್ಕೊಂಡು ಇಡ್ತೀನಿ."

"ಇಟ್ಟು ತಿನ್ನು."

ಗೊಣಗಿಕೊಂಡೇ ಹೋಗಿ ನೀರಿನ ಕೊಳವೆ ಇಟ್ಟೆ. ಚಿತ್ರ ಬಂತು. ನೀರಿನ ಪಕ್ಕದಲ್ಲೇ, ಅದೇ ಜಾಗದಲ್ಲೇ, ಅದೇ ದ್ರಾಕ್ಷಿ. ಮೇಡಂ ತೊಟ್ಟಿಲು ತರಿಸಿ ತಿರುಗಿಸಿ ನೋಡಿದರು. ತಮ್ಮ ಬೊಟ್ಟನ್ನೇ ತಾವು ನೋಡಿದರು. ಅತ್ತಿಗೆಯ ಕಾಡಿಗೆ ಮುಗಿದಿತ್ತೆಂದು ಆ ವಾರ ಯಲಹಂಕದ ಅಂಗಡಿಯಿಂದ ಒಂದು ಡಬ್ಬಿ ಕೊಂಡಿದ್ದರಂತೆ. ಡಬ್ಬಿ ತೆಗೆದು, ಕನ್ನಡಕ ಮೇಲೇರಿಸಿ, ಹಿಂಬದಿಯ ಇರುವೆಸಾಲಿನಂಥ ಅಕ್ಷರಗಳನ್ನು ಓದಿದರು. ಕಪ್ಪು ಬಣ್ಣಕ್ಕೆ ಹಾಕಿದ್ದು ಕಬ್ಬಿಣದ ಆಕ್ಸೈಡು. ನಾವು ವರ್ಷಗಟ್ಟಲೆ ಕೂತು ಕಣ ಮಾಡುತ್ತಿದ್ದೆವಲ್ಲ, ಅದೇ ಪದಾರ್ಥ. ಅಧಿಕಾರಿಯ ಬೆಲ್ಟು ಬಿಚ್ಚಿಸಿದ ಹೆಂಗಸು ತನ್ನ ಬೆರಳ ತುದಿಯಲ್ಲೇ ಕಬ್ಬಿಣವನ್ನು ಯಂತ್ರದೊಳಗೆ ಕಳಿಸಿದ್ದರು.

ಅಳುತ್ತಾರೆ ಎಂದುಕೊಂಡೆ. ಮೇಡಂ ನಗತೊಡಗಿದರು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಮಗೂ ತಡೆಯಲಾಗಲಿಲ್ಲ. ನಕ್ಕು ಸುಸ್ತಾದ ಮೇಲೆ ಮೇಡಂ ಕನ್ನಡಕ ಒರೆಸಿಕೊಂಡು, "ಈಗ ಅತ್ಗೆಗೆ ಏನಂತ ಏಳ್ಲಿ?" ಎಂದರು. ಆಗ ನಗು ನಿಂತಿತು.

ಅತ್ತಿಗೆಗೆ ಹೇಳಿದರು. ಫೋನಿನಲ್ಲಿ ಬಂದ ಉತ್ತರ ಇಷ್ಟೇ: "ಅಂಗ್ಡೀದು ಆಕ್ಬ್ಯಾಡ ಅಂತ ಏಳಿರ್ನಿಲ್ವಾ ನಿಂಗೆ?" ಮರುದಿನ ಶನಿವಾರ ಅತ್ತಿಗೆ ಹೊಸದಾಗಿ ಮಾಡಿದ ಕಾಡಿಗೆ ಬಂತು. ಮೇಡಂ ಬಿಡುವವರಲ್ಲ. ಎರಡು ನೀರಿನ ಕೊಳವೆಗೆ ಎರಡು ಬೊಟ್ಟು ಇಡಿಸಿ ಚಿತ್ರ ತೆಗೆಸಿದರು. ಅಂಗಡಿಯದು ಕಪ್ಪು, ಮನೆಯದು ಕಾಣಿಸಲೇ ಇಲ್ಲ. ಬರೀ ಮಸಿ ಮತ್ತು ಎಣ್ಣೆ, ಯಂತ್ರಕ್ಕೆ ಅದರ ಗೊಡವೆಯಿಲ್ಲ.

ಸೋಮವಾರ ಸಮಿತಿ ಬಂತು. ಅಧ್ಯಕ್ಷರು ಬಿಳಿ ಮೀಸೆಯ ಹಿರಿಯ ವೈದ್ಯರು. ಚಿತ್ರ ನೋಡಿ ಮೆಚ್ಚಿಕೊಂಡೇ ಬಂದಿದ್ದರು. "ಕಂಗ್ರಾಜುಲೇಷನ್ಸ್ ಅಮ್ಮ" ಎಂದು ಕೈಕುಲುಕಿದರು. ಚೆನ್ನಾಗಿ ನೆನಪಿದೆ, ಆ ಕ್ಷಣ ನನಗೆ ಮೇಡಂ ಸುಮ್ಮನಿದ್ದುಬಿಡಲಿ ಅನ್ನಿಸಿತು. ಮೇಡಂ ಎದ್ದು ನಿಂತು ಪರದೆಯ ಮೇಲೆ ಮೊದಲು ಇಲಿಯ ಚಿತ್ರ, ಪಕ್ಕದಲ್ಲಿ ನೀರಿನ ಚಿತ್ರ, ಅದರ ಪಕ್ಕದಲ್ಲಿ ಕಾಡಿಗೆ ಡಬ್ಬಿಯ ಚಿತ್ರ ಹಾಕಿದರು.

"ನಾನು ಕಳಿಸಿದ್ದ ಚಿತ್ರದಲ್ಲಿರೋದು ಇದು ಸಾರ್. ನಾನೇ ಇಟ್ಟ ದೃಷ್ಟಿಬೊಟ್ಟು."

"ಹಾಗಾದ್ರೆ ಆ ಚಿತ್ರ ಸುಳ್ಳಾ ಅಮ್ಮ?"

"ಸುಳ್ಳಲ್ಲ ಸಾರ್, ಕಬ್ಬಿಣ ನಿಜವಾಗ್ಲೂ ಇದೆ. ಇಲಿ ಒಳಗಲ್ಲ, ಅಷ್ಟೆ."

ಅಧ್ಯಕ್ಷರ ಮೀಸೆ ಅಲುಗಿತು. ಆದರೆ ಅವರು ನಕ್ಕು ಬಿಟ್ಟುಬಿಡುವವರಲ್ಲ. "ಸರಿ, ನಿಮ್ಮ ಕಣ ಮಜ್ಜೆಗೆ ಹೋಗುತ್ತೋ ಇಲ್ಲವೋ? ಅದನ್ನ ಹೇಳಿ" ಎಂದರು. ಮೇಡಂ ಒಮ್ಮೆ ನನ್ನ ಕಡೆ ನೋಡಿದರು. "ಗೊತ್ತಿಲ್ಲ ಸಾರ್" ಎಂದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಸಮಿತಿಯವರು ನಮ್ಮನ್ನು ಹೊರಗೆ ಕಳಿಸಿ ಬಹಳ ಹೊತ್ತು ಚರ್ಚಿಸಿದರು. ಮತ್ತೆ ಕರೆದಾಗ ಅಧ್ಯಕ್ಷರು, "ಗೆದ್ದೆ ಅಂತ ಸಿಹಿ ಹಂಚಿದ ಮೇಲೂ ನೀರಿಟ್ಟು ನೋಡೋರು ಕಡಿಮೆ. ಒಂದು ವರ್ಷ ತಗೊಳಿ. ಅದರ ಮೇಲೆ ನನ್ನ ಕೇಳಬೇಡಿ" ಎಂದರು.

ಆ ಒಂದು ವರ್ಷ! ಕಣಗಳನ್ನು ರಕ್ತಕ್ಕೆ ಬಿಟ್ಟರೆ ಬಹುಪಾಲು ಯಕೃತ್ತಿಗೇ ಹೋಗಿ ಕೂರುತ್ತಿದ್ದವು. ಹೊರಗಿನಿಂದ ಬಂದದ್ದನ್ನು ಹಿಡಿದು ಹಾಕಿಕೊಳ್ಳುವುದೇ ಅದರ ಕೆಲಸವಂತೆ. ಮೇಡಂ ತಲೆ ಚಚ್ಚಿಕೊಂಡು, "ಯಾವ ಬಸ್ ಅತ್ತಿದ್ರೂ ಮೆಜೆಸ್ಟಿಕ್ಕಿಗೇ ಓಗಿ ಇಳೀತಾವಲ್ಲೋ! ಎಬ್ಬಾಳದಿಂದ ನೆಟ್ಟಗೆ ಯಶವಂತಪುರಕ್ಕೆ ಓಗೋ ಒಂದ್ ಬಸ್ಸಿಲ್ವಾ ಇವಕ್ಕೆ?" ಎನ್ನುತ್ತಿದ್ದರು. ಕಣದ ಮೇಲಿನ ಹೊದಿಕೆ ಬದಲಿಸಿದರು, ಗಾತ್ರ ಬದಲಿಸಿದರು, ಪ್ರತಿಕಾಯ ಹೊಲಿಯುವ ವಿಧಾನ ಬದಲಿಸಿದರು. ಗಂಟುಗಂಟಾಗಿ ಅಂಟಿಕೊಂಡು ಕೆಟ್ಟುಹೋದ ಕಣಗಳಿಗೆ "ಬೀಗರು" ಎಂದು ಹೆಸರಿಟ್ಟಿದ್ದರು. ಒಂದು ಕಡೆ ಗುಂಪು ಕೂತರೆ ಎಬ್ಬಿಸಲಾಗುವುದಿಲ್ಲ ಎಂದು. ಬೆಳಿಗ್ಗೆ ನಾನು ಬೈಕ್ ನಿಲ್ಲಿಸುವ ಹೊತ್ತಿಗೇ ಒಳಗಿನಿಂದ ಕೇಳಿಸುತ್ತಿತ್ತು, "ಇವತ್ತೂ ಬೀಗ್ರೇ ಕಣೋ!" ಬೈಯುತ್ತಲೇ ಮುದ್ದೆಯ ಡಬ್ಬಿ ಬಿಚ್ಚಿ ಸೊಪ್ಪಿನ ಸಾರನ್ನು ಎಲ್ಲರಿಗೂ ಬಡಿಸುತ್ತಿದ್ದರು. ಸೋಲುತ್ತಿರುವವರ ಮನೆಯಲ್ಲಿ ಇಷ್ಟು ನಗು ಇರುತ್ತದೆಂದು ನಾನು ತಿಳಿದಿರಲಿಲ್ಲ.

ವರ್ಷ ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ. ಒಂದು ಮಧ್ಯಾಹ್ನ ಪರದೆಯ ಮೇಲೆ ಇಲಿಯ ತೊಡೆಮೂಳೆಯ ಒಳಗೆ, ಬೆನ್ನುಮೂಳೆಯ ಒಂದು ಮಣಿಯ ಒಳಗೆ, ಅಕ್ಕಿಕಾಳಿಗಿಂತ ಚಿಕ್ಕ ಕಪ್ಪು ಕಂಡಿತು. ನಾನು ಬಾಯಿ ಬಿಡಲಿಲ್ಲ. ನಾನೇ ನೀರಿಟ್ಟೆ. ನೀರು ಶುಭ್ರ. ಆರೋಗ್ಯವಾದ ಇಲಿಗೂ ಅದೇ ಕಣ ಕೊಟ್ಟು ನೋಡಿದೆವು, ಅದರ ಮೂಳೆಯಲ್ಲಿ ಏನೂ ಇಲ್ಲ. ಆಮೇಲಿನ ದಿನಗಳಲ್ಲಿ ಬೇರೆ ಇಲಿಗಳು, ಬೇರೆ ಪರೀಕ್ಷೆಗಳು. ಕೊನೆಗೆ ಮಜ್ಜೆಯ ತೆಳುವಾದ ಪದರಕ್ಕೆ ಕಬ್ಬಿಣವಿದ್ದಲ್ಲಿ ನೀಲಿ ಬರುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕ್ಯಾನ್ಸರ್ ಕೋಶಗಳ ಗುಂಪಿನ ಸುತ್ತಲೇ ನೀಲಿ. ಚಿತ್ರ ಎಲ್ಲಿ ಕಪ್ಪು ಎಂದಿತ್ತೋ ಅಲ್ಲೇ.

ಮೇಡಂ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ದ್ರವ ಅಳೆಯುವ ಎರಡು ಪಿಪೆಟ್ ಕೈಗೆ ತೆಗೆದುಕೊಂಡು, ಕಾರಿಡಾರಿನ ಉದ್ದಕ್ಕೂ ಕೋಲಾಟ ಹಾಕಿಕೊಂಡು ಹೋದರು. ಐವತ್ತು ದಾಟಿದ ಹಿರಿಯ ವಿಜ್ಞಾನಿ, ಬಿಳಿ ಕೋಟು ಹಾರಿಸಿಕೊಂಡು! ನಿರ್ದೇಶಕರು ಎದುರಿಗೆ ಬಂದರು. ಅವರ ಕೈಯ ಪೆನ್ನಿಗೂ ಒಂದು ಏಟು ಬಿತ್ತು.

ಅತ್ತಿಗೆಯನ್ನು ಕರೆತಂದದ್ದು ಆಮೇಲೆ. ಗಟ್ಟಿ ಮೈಕಟ್ಟಿನ ಹೆಂಗಸು, ಕಾಯಿಲೆಯವರೆಂದು ಹೇಳಲಾಗದು. ಸ್ವಲ್ಪ ಬಾಗಿ ನಡೆಯುತ್ತಿದ್ದರು ಅಷ್ಟೆ. ಪರದೆಯ ಮುಂದೆ ಕೂರಿಸಿ ನಾನು ಚಿತ್ರ ಹಾಕಿದೆ. ಮೇಡಂ ಬೆರಳಿಟ್ಟು ತೋರಿಸಿದರು. "ಇದು ಬೆನ್ನು. ಇದು ತೊಡೆ. ಈ ಕಪ್ಪಗೈತಲ್ಲ, ಅದೇ ಅತ್ಗೆ." ಅತ್ತಿಗೆ ಮುಖ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಆಮೇಲೆ ಪರದೆಗೆ ಬೆರಳು ತಾಗಿಸಿ ಆ ಕಪ್ಪಿಗೇ ಹೇಳಿದರು, "ಇಲ್ ಬಚ್ಚಿಟ್ಕಂಡಿದ್ಯಾ? ಸಿಕ್ಬುಟ್ಟೆ ನೋಡು."

ನಾವೆಲ್ಲ ನಕ್ಕೆವು. ಅತ್ತಿಗೆ ತಿರುಗಿ ಕೇಳಿದರು, "ನಂಗ್ಯಾವಾಗ ಮಾಡ್ತೀಯ ಇದ್ನ?"

ಅತ್ತಿಗೆಯ ಮುಂದೆ ಮೇಡಂಗೆ ಸುಳ್ಳು ಬರುವುದಿಲ್ಲ. ಪಕ್ಕದಲ್ಲಿ ನೆಲದ ಮೇಲೇ ಕೂತು ಅವರ ಮಂಡಿಯ ಮೇಲೆ ಕೈಯಿಟ್ಟರು. "ಇದಿನ್ನೂ ಇಲಿದು ಅತ್ಗೆ. ಮನುಷ್ಯರಿಗೆ ಬರಕ್ಕೆ ಎಷ್ಟೋ ವರ್ಷ ಬೇಕು. ಬರ್ದೇನೂ ಓಗ್ಬೌದು. ನಿನ್ ಕಾಲಕ್ಕೆ... ಆಗಕಿಲ್ಲ ಕಣೆ." ಅತ್ತಿಗೆ ನಾದಿನಿಯ ಜಡೆಯಲ್ಲಿ ಜಾರಿದ್ದ ಹೂವನ್ನು ಸರಿಮಾಡುತ್ತ, "ಆಗ್ದಿದ್ರೆ ಓಗ್ಲಿ ಬುಡು. ಈ ಪಟ ಒಂದು ನಂಗ್ ಕೊಡ್ಸು. ದೊಡ್ದು ಮಾಡ್ಸು" ಎಂದರು.

ದೊಡ್ಡದು ಮಾಡಿಸಿಕೊಟ್ಟೆ. ಅದನ್ನು ಅವರು ಏನು ಮಾಡಿದರು ಎಂಬುದು ನಮಗೆ ತಿಳಿದದ್ದು ಹೋದ ತಿಂಗಳು, ಬೀಳ್ಕೊಡುಗೆಯ ದಿನ. ಮೇಡಂ ಭಾಷಣ ಮಾಡುವ ಬದಲು ಎದ್ದು ನಿಂತು ಅತ್ತಿಗೆ, ಡಾಕ್ಟರು ಇಬ್ಬರ ಪಾತ್ರವನ್ನೂ ತಾವೇ ಮಾಡಿ ತೋರಿಸಿದರು. ಆಸ್ಪತ್ರೆಯಲ್ಲಿ ಡಾಕ್ಟರು ಸೂಜಿ ಹಿಡಿದು ಬಂದರಂತೆ. ಅತ್ತಿಗೆ ಬೋರಲು ಮಲಗಿದ್ದವರು, ತಡೀರಿ ಎಂದು ದಿಂಬಿನ ಕೆಳಗಿನಿಂದ ಪಟ ತೆಗೆದರಂತೆ. "ನೋಡ್ಕಳಿ ಸ್ವಾಮಿ, ಮೂಳೆ ಒಳ್ಗಿರೋದು ಮೇಲಿಂದ್ಲೇ ಕಾಣ್ತೈತೆ. ನಿಮ್ ಸೂಜಿಗೆ ಇನ್ ಜಾಸ್ತಿ ದಿನ ಇಲ್ಲ. ಇವತ್ತು ಚುಚ್ಕಳಿ."

ಡಾಕ್ಟರು ಸೂಜಿ ತಟ್ಟೆಯಲ್ಲಿಟ್ಟು, ಪಟವನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರಂತೆ.

"ಯಾರಮ್ಮಾ ಮಾಡಿದ್ದು ಇದನ್ನ?"

"ಇನ್ಯಾರು? ಸ್ಕೂಲಿಂದ ಅರ್ಧ ದಾರೀಲಿ ಓಡಿ ಬರ್ತಿತ್ತಲ್ಲ, ಆ ಮಗು."